ತೂಕದ ಪುಸ್ತಕ

ನಮ್ಮ ಹುಲ್ಲುದಾರಿ ಓರೆ. ವಿಮಾನ ಇಲ್ಲಿ
ಹತ್ತುತ್ತ ಇಳಿಯುತ್ತದೆ, ಇಳಿಯುತ್ತ ಏರುತ್ತದೆ.
ಕೆಳತುದಿಯಲ್ಲಿ ನೆಲ ಮುಗಿದು ಹೊಳೆಯ ಸದ್ದು ಶುರು.
ಅಪ್ಪಂದಿರು ಅಗೆಯುವ ಕೋಲಲ್ಲಿ ನಾಲ್ಕು ವರ್ಷ ಕೆರೆದದ್ದು;
ಸೋಮವಾರ ಸೋಮವಾರ ನಾವು ಕತ್ತಿ ಹಿಡಿದು ಬಗ್ಗದಿದ್ದರೆ
ತಿಂಗಳಲ್ಲಿ ಕಾಡು ತನ್ನದನ್ನು ವಾಪಸು ಕೇಳುತ್ತದೆ.

ಆರಕ್ಕೆ ರೇಡಿಯೋ ತಿರುಗಿಸಿ, ಕಣಿವೆ ಬಾಯಿ
ತೆರೆದಿದೆಯೋ ಮುಚ್ಚಿದೆಯೋ ಹೇಳುವವನು ನಾನು.
ಕಾಫಿ ಮೂಟೆಯ ತಕ್ಕಡಿಯಲ್ಲೇ ಮನುಷ್ಯರನ್ನೂ ತೂಗಿ
ಪುಸ್ತಕಕ್ಕೆ ಏರಿಸುವವನೂ.
ಪಾದ್ರಿ ಎಪ್ಪತ್ತೊಂದು. ಅವರ ಪೆಟ್ಟಿಗೆ ಹದಿನೆಂಟು.
ಮುದುಕ ಓಲ್ಮನ ಹೆಣ ಬಂದಾಗ ನಲವತ್ತು;
ಆಸ್ಪತ್ರೆಗೆ ಹೋಗುವಾಗ ಐವತ್ತೆರಡಿದ್ದ.

ಆ ಗುರುವಾರ ನನ್ನ ತಂಗಿ ಕುತಿನಾಮ್
ಶೆಡ್ಡಿನ ಕಂಬ ತಬ್ಬಿ ನಿಂತಿದ್ದಳು. ಹಿಂದಿನ ರಾತ್ರಿಯಿಂದ ನೋವು.
ಮೋಡ ಕಣಿವೆಯ ಗಂಟಲಲ್ಲಿ
ನುಂಗಲಾರದ ತುತ್ತಿನ ಹಾಗೆ.

'ಹೇಗಿದೆ, ದಗಾಮ್? ಬರಲಾ?'
ಪೈಲಟ್ಟಿನ ದನಿ, ಹುರಿಯುವ ಜೋಳದಂತೆ ಚಟಪಟ.

ಗುಂಡಿ ಒತ್ತಿದೆ. ಬಿಟ್ಟೆ. ಮತ್ತೆ ಒತ್ತಿದೆ.
'ತೆರೆದಿದೆ' ಎಂಬ ಮಾತು ನಾಲಗೆಯ ತುದಿಯಲ್ಲಿ,
ಬೇಲಿ ಸಂದಿಗೆ ಮೂತಿ ಇಟ್ಟ ಹಂದಿಯ ಹಾಗೆ.
ಆ ಬೆಟ್ಟದ ಬೆನ್ನಲ್ಲಿ ಹಳೆಯದೊಂದು ರೆಕ್ಕೆ ಬಿದ್ದಿದೆ,
ಪಾಚಿ ಕಟ್ಟಿದೆ; ಬೇಟೆಗೆ ಹೋದವರು
ಮಳೆ ಬಂದರೆ ಅದರಡಿ ನಿಲ್ಲುತ್ತಾರೆ.

'ಮುಚ್ಚಿದೆ' ಅಂದೆ.
ಕುತಿನಾಮ್ ಕೇಳಿಸಿಕೊಂಡಳು. ಏನೂ ಅನ್ನಲಿಲ್ಲ.
ಇವತ್ತಿಗೂ ಏನೂ ಅಂದಿಲ್ಲ.

ರಾತ್ರಿ ಶೆಡ್ಡಿನಲ್ಲೇ, ಖಾಲಿ ಗೋಣಿಗಳ ಮೇಲೆ.
ಹೆಂಗಸರು ನನ್ನನ್ನು ಹೊರಗಟ್ಟಿದರು.
ಹುಲ್ಲಿನ ಅಂಚಿಗೆ ಸುಣ್ಣ ಬಳಿದಿಟ್ಟ ಕಲ್ಲುಗಳನ್ನು
ಕತ್ತಲಲ್ಲಿ ತಡವಿ ತಡವಿ ಎಣಿಸಿದೆ. ಎಪ್ಪತ್ತೆರಡು.
ಹೋದ ವರ್ಷ ಎಪ್ಪತ್ತಮೂರಿತ್ತಲ್ಲ ಎಂದು
ಮೊದಲಿಂದ ಎಣಿಸುತ್ತಿದ್ದಾಗ
ಕಪ್ಪೆಗಳ ನಡುವೆ ಕಪ್ಪೆಯದಲ್ಲದ ಒಂದು ದನಿ.

ವಿಮಾನ ಶನಿವಾರ ಬಂತು.
ಕುತಿನಾಮ್, ಬರೆದೆ: ನಲವತ್ತಾರು.
ನಾರಿನ ಬಿಲುಮ್ ಚೀಲದಲ್ಲಿ ಮಲಗಿದ್ದ ಮಗುವನ್ನು
ಚೀಲದ ಸಮೇತ ಹಲಗೆಯ ಮೇಲಿಟ್ಟೆ.
ಮೂಟೆಗಳಿಗೆಂದು ಮಾಡಿದ ಮುಳ್ಳು,
ಅಲುಗಲೇ ಇಲ್ಲ.

'ಅದು ಲೆಕ್ಕಕ್ಕಿಲ್ಲ, ಬಿಡು' ಅಂದ ಪೈಲಟ್.
ಹೆಸರಿನ್ನೂ ಇಟ್ಟಿರದ ಸಾಲಿನ ಮೇಲೆ ಪೆನ್ನು ಊರಿ
ನಿಂತೇ ಇದ್ದೆ.
ಎಂಜಿನ್ ಓಡುತ್ತಿತ್ತು.