ಮುನ್ನೂರು ಡಿಗ್ರಿ

ಕೀತ್ಲಿಯಲ್ಲಿ ನವೆಂಬರ್. ಮಧ್ಯಾಹ್ನ ಮೂರಕ್ಕೇ ದೀಪ.
ಹೆಸ್ಟರ್ ಓಲ್ಡ್‌ರಾಯ್ಡ್ ಅವರ ಸಾಣೆಮನೆಯಲ್ಲಿ
ನಾನು ಕಬ್ಬಿಣದ ಪುಡಿ ಗುಡಿಸುತ್ತಿದ್ದೆ.

ಬಂದವನು ಆಲ್ವಿನ್ ಥ್ಯಾಕ್ರೆ,
ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು.
ಹಳೇ ಟವೆಲ್ಲಿನಲ್ಲಿ, ಮೀಯಿಸಿದ ಕೂಸನ್ನು ಸುತ್ತಿದಂತೆ,
ಸುತ್ತಿ ತಂದಿದ್ದ ತನ್ನ ಸ್ಪಿಟ್‌ಫೈರಿನ ಕ್ಯಾಮ್‌ಶಾಫ್ಟು.
ಎಂಟು ಉಬ್ಬು. ಅದರಲ್ಲೊಂದು ಮೂಗು ಸವೆದು
ಚೀಪಿ ಎಸೆದ ಮಾವಿನ ಓಟೆ.

"ಮುನ್ನೂರು ಡಿಗ್ರಿಯದು ಬೇಕು" ಎಂದ,
ಸಾಲ ಕೇಳುವವನ ಹಾಗೆ ನೆಲ ನೋಡುತ್ತ.

ಹೆಸ್ಟರ್ ಕನ್ನಡಕ ಹಣೆಗೇರಿಸಿದರು.
"ಎಲ್ಲಿ ಓಡಿಸ್ತೀಯ?"
"ಗುಡ್ಡ ಹತ್ತೋ ಪಂದ್ಯ."
"ಅದು ವರ್ಷಕ್ಕೆ ಎರಡು ಭಾನುವಾರ. ಮಿಕ್ಕ ದಿನ?"
ತುಸು ತಡೆದ.
"ಗುರುವಾರ ಗುರುವಾರ ಥೆಲ್ಮಾಳನ್ನ ಬ್ಯಾಂಡಿನ ತಾಲೀಮಿಗೆ ಬಿಡಬೇಕು.
ಯುಫೋನಿಯಂ ಊದ್ತಾಳೆ. ಅದನ್ನ ತೊಡೆ ಮೇಲಿಟ್ಕೊಂಡು ಕೂರ್ತಾಳೆ.
ದಾರಿಯಲ್ಲಿ ಏಳು ಸಿಗ್ನಲ್ಲು."

ಆಗ ಅವರು ಸೀಮೆಸುಣ್ಣ ಹಿಡಿದು ಮೇಜಿನ ಮೇಲೇ ಬರೆದರು
ಎರಡು ದಿಬ್ಬ, ಒಂದರ ಪಾದ ಇನ್ನೊಂದರ ಮೇಲೆ.
"ಇದು ಹೊಗೆ ಹೋಗೋ ಬಾಗಿಲು, ಇದು ಉಸಿರು ಬರೋದು.
ಎರಡೂ ತೆರೆದೇ ಇರೋ ಈ ಸಂದು ಇದೆಯಲ್ಲ,
ಮುನ್ನೂರರದ್ದು ಇದನ್ನೇ ಅಗಲ ಮಾಡ್ತದೆ.
ಓಟದಲ್ಲಿ, ಹೋಗುವವನೇ ಬರುವವನ ಕೈ ಹಿಡಿದು ಒಳಗೆಳೀತಾನೆ.
ನಿಂತಲ್ಲಿ, ಇಬ್ಬರೂ ಹೊಸ್ತಿಲಲ್ಲಿ ಹಣೆ ಹಣೆ ಬಡಿದು
'ನೀವು ಮೊದಲು', 'ಛೆ ಛೆ, ನೀವು' ಅಂತ ನಿಂತುಬಿಡ್ತಾರೆ.
ಮೂರೂವರೆ ಸಾವಿರ ಸುತ್ತಿನ ಕೆಳಗೆ ನಿನಗೆ ಕಾರೇ ಇಲ್ಲ.
ಕಾರ್ಬುರೇಟರ್ ಯಾವುದು?"
"ಹಳೇವೇ."

ಪೊರಕೆ ಹಿಡಿದೇ ನಕ್ಕೆ:
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

"ಇನ್ನೂರೆಪ್ಪತ್ತರದ್ದು ತಗೋ, ಆಲ್ವಿನ್.
ದಿನಾ ಸುಖ ಇರ್ತದೆ, ಸ್ವಲ್ಪ ಸ್ವಲ್ಪ."

"ಸ್ವಲ್ಪ ಸ್ವಲ್ಪ" ಎಂದ ಅವನೂ,
ಯಾರೋ ಗಂಟೆ ಒತ್ತಿದಾಗಲೆಲ್ಲ
ಮೂವತ್ತೊಂದು ವರ್ಷ ನಿಂತು ನಿಂತು ಹೊರಟ ದನಿಯಲ್ಲಿ.
ಟವೆಲ್ಲು ಮಡಿಚಿಕೊಂಡು ಹೋದ. ಶಾಫ್ಟನ್ನು ಇಲ್ಲೇ ಮರೆತ.

ಮೂರನೆಯ ದಿನ ಥೆಲ್ಮಾ ಬಂದಳು.
ಕೈಗವಸು ಬಿಚ್ಚಲಿಲ್ಲ, ಕೂರಲಿಲ್ಲ.
"ಅವನು ಕೇಳಿದ್ದನ್ನೇ ಸಾಣೆ ಹಿಡೀರಿ. ನಾನು ಬಸ್ಸಲ್ಲಿ ಹೋಗ್ತೀನಿ.
ಇಲ್ಲದಿದ್ರೆ ಸಾಯೋವರೆಗೂ ಆ ಮನುಷ್ಯ
ಉಳಿದ ಮೂವತ್ತು ಡಿಗ್ರಿಯ ಲೆಕ್ಕ ಒಪ್ಪಿಸ್ತಾನೆ, ಊಟದ ಹೊತ್ತಿಗೆ."

ಹೆಸ್ಟರ್ ಮಾತಾಡಲಿಲ್ಲ.
ಸಾಣೆಕಲ್ಲು ತಿರುಗಿತು, ಹಾಲಿನಂಥ ತಣ್ಣೀರು ಹರಿಯಿತು.
ನನಗೂ ಒಂದು ಉಬ್ಬು ಕೊಟ್ಟರು, ನನ್ನ ಮೊದಲನೆಯದು.
ಕಾಗದದಷ್ಟೂ ಅಲ್ಲ, ಕಾಗದದ ಮೇಲಿನ ಶಾಯಿಯಷ್ಟು ತೆಗೆ ಎಂದರು.
ಪೆಟ್ಟಿಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದರು:
ಮೊದಲ ಇಪ್ಪತ್ತು ನಿಮಿಷ ಎರಡು ಸಾವಿರದ ಕೆಳಗೆ ಇಳಿಸಬೇಡ.
ಹೊಸದೂ ಹೊಸದೂ ಉಜ್ಜಿಕೊಂಡೇ ಪಳಗಬೇಕು.

ಜನವರಿಯ ಒಂದು ಗುರುವಾರ, ಸಂಜೆ.
ಮೀನಂಗಡಿಯ ಸರದಿಯಲ್ಲಿದ್ದೆ. ಸಿಗ್ನಲ್ಲು ಕೆಂಪು.
ಅಲ್ಲಿ ಆ ಸ್ಪಿಟ್‌ಫೈರ್. ನಿಂತಿತ್ತು ಅನ್ನುವಂತಿಲ್ಲ,
ಬಿಕ್ಕಳಿಸುತ್ತಿತ್ತು, ತಡವರಿಸುತ್ತಿತ್ತು,
ಅಂಗಡಿಯ ವಿನೆಗರ್ ಸೀಸೆಗಳು ಒಂದಕ್ಕೊಂದು ತಾಗಿ
ಕಿಣಿಕಿಣಿ ಅನ್ನುತ್ತಿದ್ದವು.
ಅದರ ಬೆನ್ನಿಗೇ ಬಸ್ಸು. ಮೇಲಂತಸ್ತಿನ ಮುಂದಿನ ಗಾಜಿನಲ್ಲಿ
ತೊಡೆಯ ಮೇಲೆ ಕರಿ ಪೆಟ್ಟಿಗೆ ಇಟ್ಟುಕೊಂಡ ಥೆಲ್ಮಾ.

ಹಸಿರು ಬಿತ್ತು. ಕಾರು ಒಮ್ಮೆ ಗುಟುಕರಿಸಿ
ಸತ್ತಿತು.

ಬಸ್ಸಿನವನು ಹಾರ್ನ್ ಒತ್ತಲಿಲ್ಲ.
ಆಲ್ವಿನ್ ಕೆಳಗೆ ತಲೆ ಬಗ್ಗಿಸಿ ಏನೋ ಹೇಳುತ್ತಿದ್ದ, ಯಾರಿಗೋ.
ಮತ್ತೆ ಹೊತ್ತಿತು, ಎಳೆಯಿತು, ಕೆಮ್ಮಿತು,
ಚರ್ಚಿನ ತಿರುವಿನ ತನಕ ಕುಂಟಿತು,
ಅಲ್ಲಿ, ಏರಿನ ಬುಡದಲ್ಲಿ, ಏನೋ ಒಂದು ಬಿಚ್ಚಿಕೊಂಡು
ಇಡೀ ಬೀದಿಯ ಕಲ್ಲುಗೋಡೆಗಳನ್ನು ಸವರುತ್ತ
ಒಂದೇ ದನಿ ಮೇಲಕ್ಕೆ, ಮೇಲಕ್ಕೆ.

ಗಾಜಿನ ಹಿಂದೆ ಥೆಲ್ಮಾಳ ತುಟಿ ಬಿಗಿದವು,
ಆ ಸ್ವರ ಯಾವುದೆಂದು ಹಿಡಿಯುವವಳಂತೆ.

ನನ್ನ ಸರದಿ ಯಾವಾಗಲೋ ದಾಟಿಹೋಗಿತ್ತು.