ಬಾಬ್ತು: ಮೋಡ

ಕೋಡಿಬಾಗದ ಬಾಡಿಗೆ ಕಟ್ಟಡ, ಎರಡನೇ ಮಹಡಿ.
ಕೆಳಗೆ ಬಲೆ ನೇಯುವ ನೈಲಾನ್ ದಾರದ ಅಂಗಡಿ,
ಮೇಲೆ ನಾವು, ಭೂಮಿ ತಣಿಸುವವರು:
ನಾಲ್ವರು ಸಂಶೋಧಕರು, ಒಂದು ಪ್ರಿಂಟರು, ನಾನು.

ನನಗೆ ಮೋಡದ ವಿದ್ಯೆ ಬಾರದು.
ಮೂರು ಕೊಟೇಶನ್ ಇಲ್ಲದೆ ಒಂದು ನಾಝಲ್ಲೂ ಬರುವುದಿಲ್ಲ,
ಮಾರ್ಚ್ ಮೂವತ್ತೊಂದರೊಳಗೆ ಮುಗಿಯದ ಹಣ
ಇಳಿತದ ನೀರಿನ ಹಾಗೆ ಸದ್ದಿಲ್ಲದೆ ವಾಪಸು ಹೋಗುತ್ತದೆ,
ಬರುವುದು ಇಷ್ಟೇ.

ಡಾಕ್ಟರ್ ದುರ್ಗೇಕರ್ ಮೊದಲ ದಿನವೇ
ಊಟದ ಮೇಜಿನ ಮೇಲೆ ಸಾರಿನ ಬೆರಳಲ್ಲಿ ಬರೆದು ತೋರಿಸಿದ್ದರು:
ಸಮುದ್ರದ ನೀರನ್ನು ಇಬ್ಬನಿಗಿಂತ ಸಣ್ಣಗೆ ಸೀಳಬೇಕು,
ಉಪ್ಪಿನ ಕಣ ಮೇಲೇರಿ ಮೋಡ ಹೊಕ್ಕು
ಮೋಡ ಇನ್ನಷ್ಟು ಬೆಳ್ಳಗಾದರೆ
ಬಿಸಿಲು ಬಂದ ದಾರಿಯಲ್ಲೇ ಹಿಂದಿರುಗುತ್ತದೆ.
ನಾನು ಕೇಳಿದ್ದೆ, ನೀರಿಗೆ ಬಿಲ್ ಬೇಡವಲ್ಲ?

ಬಿಲ್ ಬೇಕಾಯಿತು.
'ಸಮುದ್ರದ ನೀರು, ಎರಡು ಸಾವಿರ ಲೀಟರ್, ದರ ಸೊನ್ನೆ.
ಸರಿ. ಬಳಸಿದ ಮೇಲೆ ಏನಾಗುತ್ತದೆ?'
ಆಡಿಟರ್ ಪೆನ್ನಿನ ಮುಚ್ಚಳ ತೆಗೆದು ಕಾದರು.
ಕಿಟಕಿಯಾಚೆ ದೇವಗಡದ ದೀಪಸ್ತಂಭದ ನೆತ್ತಿಗೆ
ಸಿಕ್ಕಿಕೊಂಡ ಒಂದು ಚಿಂದಿ ಮೋಡ.
'ಅದು ನಿಮ್ಮದೋ?'
ಅಲ್ಲ ಸರ್, ನಮ್ಮದಿನ್ನೂ ಮರ್ಮಗೋವಾ ಕಸ್ಟಮ್ಸಿನಲ್ಲಿದೆ.

ಬೈತಖೋಲದಲ್ಲಿ ರೋಹಿದಾಸ ಬಾನಾವಳಿಕರ ಬೋಟು ಕೊಡಲು ಒಪ್ಪಿದ.
ಒಂದೇ ಪ್ರಶ್ನೆ ಅವನದು:
ನಿಮ್ಮ ನೆರಳಿಗೆ ಬಾಂಗಡೆ ಮೇಲೆ ಬರುತ್ತದೋ, ಇನ್ನೂ ಕೆಳಗಿಳಿಯುತ್ತದೋ?
ದುರ್ಗೇಕರ್ ಸುಳ್ಳಾಡುವವರಲ್ಲ. ಗೊತ್ತಿಲ್ಲ ಎಂದರು.
ಗೊತ್ತಿಲ್ಲದ್ದಕ್ಕೆ ದಿನಕ್ಕೆ ಐನೂರು ಜಾಸ್ತಿ, ಎಂದ ಅವನು.
ಆ ಐನೂರನ್ನು 'ಇತರೆ' ಎಂದು ಬರೆದೆ.

ಏಪ್ರಿಲ್‌ನಲ್ಲಿ ಸಾಣಿಕಟ್ಟಾಕ್ಕೆ ಹೋದೆವು,
ಸಾರ್ವಜನಿಕ ಅಭಿಪ್ರಾಯ ಸಂಗ್ರಹ, ಚಹಾ, ಬಿಸ್ಕತ್ತು, ಹಾಜರಿ ಪುಸ್ತಕ.
ಹೊಳೆಯುವ ಆಗರದ ಬದುವಿನಲ್ಲಿ
ಹಲಗೆಯಿಂದ ಉಪ್ಪು ಎಳೆಯುತ್ತಿದ್ದ ಬೊಮ್ಮಿ ಆಗೇರ
ಸೊಂಟ ನೆಟ್ಟಗೆ ಮಾಡಿ ಎಲ್ಲ ಕೇಳಿಸಿಕೊಂಡಳು.
'ಬಿಸಿಲನ್ನ ವಾಪಸ್ ಕಳಸ್ತ್ರಿ ಹೌದಾ. ನನ್ನ ಉಪ್ಪು ಒಣಗ್ಸೋರು ಯಾರು?'
ಇಲ್ಲ, ತುಂಬ ಸ್ವಲ್ಪ, ತುಂಬ ದೂರ, ಅಂದರು ಹುಡುಗರು.
ಅವಳು ನಕ್ಕಳು.
'ಉಪ್ಪು ತಿಂದವ ನೀರು ಕುಡೀಬೇಕು ಅಂತಾರೆ.
ನಿಮ್ಮ ಮೋಡ ಉಪ್ಪು ತಿಂದ ಮೇಲೆ
ಯಾರ ನೀರು ಕುಡೀತದ್ರಾ ಅಮಾ?'

ಚಹಾ ಆರಿತು.
ವರದಿಯಲ್ಲಿ ಬರೆದೆ: ಸ್ಥಳೀಯರಿಂದ ಉತ್ತಮ ಸ್ಪಂದನೆ.
ಬರೆದು, ಹೊಡೆದು,
ಅವಳ ಮಾತನ್ನು ಅವಳ ಮಾತಿನಲ್ಲೇ ಟೈಪು ಮಾಡಿದೆ.
ಕೊಟ್ಟ ಒಂದು ಹಿಡಿ ಉಪ್ಪು
ಯಾವ ರಿಜಿಸ್ಟರಿಗೂ ಸೇರದೆ ನನ್ನ ಡ್ರಾಯರಿನಲ್ಲಿ ಕೂತಿತು,
ಅನುಮತಿ ಪತ್ರಗಳ ಜೊತೆ.
ಪ್ರತಿ ಪತ್ರದ ಕೊನೆಗೂ ಒಂದು ಕಾಲಂ, ಜವಾಬ್ದಾರ ವ್ಯಕ್ತಿ.
ವಿಜ್ಞಾನಿಗಳು ಮೂರು ವರ್ಷದ ಒಪ್ಪಂದದವರು,
ಕಾಯಂ ನಾನೊಬ್ಬಳೇ. ಆದ್ದರಿಂದ ನನ್ನ ಹೆಸರು, ನನ್ನ ಫೋನು.

ಜುಲೈ. ಬೋಟುಗಳು ದಡದಲ್ಲಿ,
ಕಾರವಾರದಲ್ಲಿ ಬಿಡದ ಜಡಿ, ಪ್ರಿಂಟರಿಗೆ ಕಾಗದ ಅಂಟುವ ಕಾಲ.
ಮುಂಡಗೋಡದಿಂದ ಒಂದು ಕರೆ,
ಕೆರೆ ಸಮಿತಿಯ ಕಾರ್ಯದರ್ಶಿ ಶಿವಲಿಂಗಪ್ಪ, ಮೆತ್ತಗಿನ ದನಿ.
'ಪೇಪರ್‌ನಾಗ ನಂಬರ್ ಇತ್ತ್ರಿ.
ಇಪ್ಪತ್ತ ದಿನ ಆತು, ಮಳಿ ಇಲ್ಲ. ನಿಮ್ಮಿಂದ ಏನರ...'

ಇಲ್ಲ ಎಂದೆ. ನಾವಿನ್ನೂ ಶುರುವೇ ಮಾಡಿಲ್ಲ ಎಂದೆ.
ನಿಜವೇ. ಆದರೂ ಹೇಳುವ ಮೊದಲು ಒಮ್ಮೆ
ಕಸ್ಟಮ್ಸಿನ ರಸೀದಿ ತೆಗೆದು ನೋಡಿದೆ.

'ಹಂಗಾದ್ರ ಶುರು ಮಾಡಿದ ಮ್ಯಾಲೆ
ಇದ ನಂಬರಿಗೆ ಮಾಡ್ಲ್ಯಾ?'

ಡ್ರಾಯರು ತೆರೆದೇ ಇತ್ತು.
ಬೊಮ್ಮಿಯ ಉಪ್ಪು ಯಾರನ್ನೂ ಕೇಳದೆ
ಕೋಣೆಯ ಗಾಳಿಯಿಂದಲೇ ನೀರು ಎಳೆದುಕೊಂಡು
ಪೊಟ್ಟಣ ದಾಟಿ, ಮೇಲಿನ ಪತ್ರ ದಾಟಿ,
ಕೆಳಗಿನದಕ್ಕೆ ಇಳಿಯುತ್ತಿತ್ತು.

ಮಾಡಿ, ಎಂದೆ.