ಆವರಣದೊಳಗೆ

ಸಾಲಿಗೆ ಮೂವತ್ತೆರಡು ಅಕ್ಷರ, ಎರಡೇ ಸಾಲು,
ತೆರೆಯ ಮೇಲೆ ಆರು ಸೆಕೆಂಡು.
ಇದು ನನ್ನ ಕಸುಬಿನ ಅಳತೆ.
ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ
ಕಿವಿ ಕೇಳದವರಿಗಾಗಿ
ಸಿನಿಮಾದ ಕೆಳಗೆ ಮಾತು ಬರೆಯುತ್ತೇನೆ.

ಈ ಸಲದ್ದು ಮೋಟಾರು ಪಂದ್ಯದ ಸಾಕ್ಷ್ಯಚಿತ್ರ.
ಅರವತ್ತೊಂದರ ಜನವರಿ,
ಮಾಕುಟ್ಟದಿಂದ ಪೆರುಂಬಾಡಿಗೆ ಏರುದಾರಿ,
ಹನ್ನೊಂದು ಕಾರು, ಒಂದು ಬೆಳ್ಳಿ ಬಟ್ಟಲು.
ಬಟ್ಟಲು ಹಿಡಿದವರ ಮಕ್ಕಳು ಮೊಮ್ಮಕ್ಕಳು
ಜಿಂಕೆ ಕೊಂಬಿನ ಕೆಳಗೆ ಕೂತು
ತೊಂಬತ್ತು ನಿಮಿಷ ನೆನೆಯುತ್ತಾರೆ.

ನಿರ್ದೇಶಕರು ಒಳ್ಳೆಯವರು, ಸುಳ್ಳಲ್ಲ.
'ಎಲ್ಲರೂ ಇರಬೇಕು ಇದರಲ್ಲಿ' ಅಂದಿದ್ದರು ಮೊದಲ ದಿನವೇ,
ಪಟ್ಟಿಯನ್ನೂ ಮಾಡಿದ್ದರು: ಹೆಂಗಸು ಒಬ್ಬರು,
ಎರವರ ಪೈಕಿ ಒಬ್ಬರು, ಮೆಕ್ಯಾನಿಕ್ ಸಿಕ್ಕರೆ ಸರಿ.
ಸಾರು ಇಳಿಸುವಾಗ ಒಗ್ಗರಣೆ ಬೀಳುವಂತೆ
ಬಿದ್ದರು ಅವರೂ.

ಕರ್ಪ ನಲವತ್ತು ನಿಮಿಷ ಮಾತಾಡಿದ್ದಾನೆ. ನಾನು ಪೂರ್ತಿ ಕೇಳಿದ್ದೇನೆ.
ಹೊರಡುವ ಗೆರೆ ಏರಿನ ಮೇಲೆಯೇ ಇತ್ತಂತೆ,
ಹ್ಯಾಂಡ್ ಬ್ರೇಕನ್ನು ಯಾರೂ ನಂಬುತ್ತಿರಲಿಲ್ಲವಂತೆ.
ಹಿಂದಿನ ಗಾಲಿಗೆ ಕಲ್ಲು ಕೊಟ್ಟು
ಕುಕ್ಕರುಗಾಲಲ್ಲಿ ಕೂತ ಹನ್ನೆರಡರ ಹುಡುಗ.
ಬಾವುಟ ಬಿತ್ತೋ, ಎಳೆಯಬೇಕು.
ಬೇಗ ಎಳೆದರೆ ಕಾರು ಅವನ ಮೇಲೆ,
ತಡವಾದರೆ ಸಾಹುಕಾರರ ಬೈಗುಳ.
ಏಳನೇ ಕಾರಿಗೆ ಹೋಯಿತು ಎಡಗೈ ಕಿರುಬೆರಳು.
'ಎಂಟನೇದಕ್ಕೆ ಬಲಗೈಲಿ ಎಳೆದೆ' ಎಂದು ನಗುತ್ತಾನೆ.

ಚಿತ್ರದಲ್ಲಿ ಉಳಿದದ್ದು ಹನ್ನೊಂದು ಸೆಕೆಂಡು.
ಕೈ ಮಾತ್ರ, ತೀರ ಹತ್ತಿರದಿಂದ. ಸಂಜೆ ಬಿಸಿಲು, ಪಿಟೀಲು.
ಹೆಸರಿನ ಜಾಗದಲ್ಲಿ 'ಸ್ಥಳೀಯ ಹಿರಿಯರು'.
ಗೋಣಿಕೊಪ್ಪದ ಮೊಯ್ದು ತೀರಿಕೊಂಡು ವರ್ಷಗಳಾದವು,
ಅವನ ಪಾಲಿಗೆ ತುಕ್ಕು ಹಿಡಿದ ಸ್ಪ್ಯಾನರ್ ಒಂದು, ಎರಡು ಸೆಕೆಂಡು.
ಚೋಂದಮ್ಮ ನೆನೆಸಿಕೊಳ್ಳುವುದು
ಪಂದ್ಯದ ಬೆಳಿಗ್ಗೆ ಮಾಡಿದ ಕಡಂಬುಟ್ಟನ್ನು.
ಹಳೆಯ ರೀಲಿನಲ್ಲಿ, ದಾರಿ ಮುಗಿದಲ್ಲಿ,
ಗೆದ್ದ ಮೋರಿಸ್‌ನ ಬಲಬಾಗಿಲಿಂದ ಇಳಿಯುತ್ತಿರುವವಳು ಅವಳು,
ಎಡಬಾಗಿಲಿಂದ ಅವಳ ಗಂಡ, ಬಾಯಿಗೆ ಟವೆಲು ಒತ್ತಿಕೊಂಡು.
ಕತ್ತರಿ ಸರಿಯಾಗಿ ಅಲ್ಲಿಗೇ ಬಿದ್ದಿದೆ.

ಮಾತಿಲ್ಲದ ಕಡೆ ನನಗೇನು ಕೆಲಸ?
ಇದೆ. ಸದ್ದು ಬರೆಯಬೇಕು, ಆವರಣದೊಳಗೆ.
[ಗಾಳಿ] [ಚಪ್ಪಾಳೆ] [ದೂರದಲ್ಲಿ ನಾಯಿ]
ಅದನ್ನು ಯಾರೂ ತಿದ್ದುವುದಿಲ್ಲ,
ಕಿವಿ ಇದ್ದವರು ಓದುವುದೂ ಇಲ್ಲ.

ಆ ರಾತ್ರಿ ಬರೆದೆ.
[ಕರ್ಪ ಕಲ್ಲು ಎಳೆದ ಸದ್ದು]
[ಎಂಜಿನ್ ಸದ್ದು, ಮೊಯ್ದು ಬಿಚ್ಚಿ ಕಟ್ಟಿದ್ದು]
ಕೊನೆಯ ತಿರುವಿನಲ್ಲಿ, ಕೈ ಸ್ವಲ್ಪ ನಡುಗಿತು,
[ಚೋಂದಮ್ಮ ಗೇರ್ ಬದಲಿಸುತ್ತಾರೆ, ಮೂರಕ್ಕೆ]

ಶನಿವಾರ ಸಂಜೆ ಪೇಟೆಯ ಸಭಾಂಗಣ ತುಂಬಿತ್ತು.
ಹಿಂದಿನ ಬೆಂಚಿನಲ್ಲಿ ಕರ್ಪನ ಮೊಮ್ಮಗಳು
ಕತ್ತಲಲ್ಲಿ ಅವನಿಗೆ ಓದಿ ಹೇಳಿದಳು.
'ಕಲ್ಲಿನ ಸದ್ದು ಬರಲೇ ಇಲ್ಲವಲ್ಲ' ಅಂದ ಅವನು, ಜೋರಾಗಿ.
ಯಾರೋ 'ಶ್!' ಅಂದರು.
ನಿಜ. ಅಲ್ಲಿ ಬರೀ ಪಿಟೀಲು.

ದೀಪ ಹತ್ತಿದ ಮೇಲೆ ಮುಂದಿನ ಸಾಲಿಂದ
ಎಂಬತ್ತೇಳರ ಚೋಂದಮ್ಮ ಎದ್ದು ಬಂದರು.
ಕಿವಿ ಹೋಗಿ ಹತ್ತು ವರ್ಷ; ಅವರ ಪಾಲಿಗೆ
ನಾನು ಬರೆದದ್ದಷ್ಟೇ ಸಿನಿಮಾ.
'ನೀನಾ ಬರೆದವಳು?'
ಬೈಗುಳಕ್ಕೋ ಅಪ್ಪುಗೆಗೋ, ಎರಡಕ್ಕೂ ಸಜ್ಜಾಗಿ ನಿಂತೆ.

'ಆ ತಿರುವಿಗೆ ಮೂರು ಹಾಕಿದರೆ
ಕಾರು ಅಲ್ಲೇ ಸಾಯುತ್ತೆ, ಮಗಳೇ.
ಎರಡು. ತಿದ್ದು.'

ಹೇಳುವಾಗ ಅವರ ಎಡಗೈ
ಊರುಗೋಲಿನ ಹಿಡಿಯನ್ನು
ಗಟ್ಟಿಯಾಗಿ ಹಿಂದಕ್ಕೆ ಎಳೆದಿತ್ತು.